ಮೋಟರ್ ಕೋಣೆಯ ತೊಲೆ

ನಮ್ಮ ವರ್ಕ್‌ಶಾಪಿನಲ್ಲಿ ನೀರನ್ನು ಗ್ಯಾಲನ್ನಿನಲ್ಲಿ ಅಳೆಯುತ್ತಿರಲಿಲ್ಲ, ಲೀಟರಿನಲ್ಲೂ ಅಳೆಯುತ್ತಿರಲಿಲ್ಲ. ಆಳಿನಲ್ಲಿ ಅಳೆಯುತ್ತಿದ್ದೆವು. ಸೀಮೆಎಣ್ಣೆಯ ಚೌಕ ಡಬ್ಬಿಯಲ್ಲಿ ಮೂರು ಡಬ್ಬಿ ನೀರು ಹಿಡಿದರೆ ಅದು ಒಂದು ಆಳು. ನಮ್ಮಂಥ ಹೊಟ್ಟೆಪಾಡಿನ ಮನುಷ್ಯನೊಬ್ಬನ ತೂಕ. ಮೀನಿನ ತೊಟ್ಟಿ ಮಾಡಿಸಲು ಬಂದ ಗಿರಾಕಿ ಉದ್ದ ಅಗಲ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಯಜಮಾನರಾದ ಬಸಪ್ಪ ಮಾಸ್ತರರು ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಲೆಕ್ಕ ತೆಗೆದುಬಿಡುತ್ತಿದ್ದರು.

"ಏಳು ಆಳಿನ ನೀರು ಆಕ್ಕೈತಿ. ನಿಮ್ಮ ಮನ್ಯಾಗ ಏಳು ಮಂದಿ ಹಗಲೂ ರಾತ್ರಿ ಒಂದ ಕಡೆ ನಿಂತಿರ್ತಾರ. ಕುಂದರೂದಿಲ್ಲ, ಮಲಗೂದಿಲ್ಲ. ನಿಮ್ಮ ನೆಲ ತಡೀತೈತೇನ್ರಿ?"

ಗಿರಾಕಿ ನಗುತ್ತಿದ್ದ. ಮಾಸ್ತರರು ನಗುತ್ತಿರಲಿಲ್ಲ.

ಈಚೆಗೆ ಇದೇ ಕೆಲಸಕ್ಕೆ ಇಳಿದ ಇಬ್ಬರು ತರುಣರು ಬೊರಿವಲಿಯ ನನ್ನ ಮನೆಗೆ ಬಂದಿದ್ದರು. ಗೋಡೆಯುದ್ದದ ತೊಟ್ಟಿ, ಅದರ ಹಿಂದೆ ಪಂಪು, ಫಿಲ್ಟರು, ನೀರಿನ ಟಾಕಿ ಇಡುವುದಕ್ಕೆಂದೇ ಒಂದು ಕೋಣೆ, ಎಲ್ಲದರ ನಕ್ಷೆ ಬಿಡಿಸಿ ತೋರಿಸಿದರು. ಚೆಂದವಾಗಿತ್ತು. ಆ ಕೋಣೆ ಕೆಳಗಿನವರ ಯಾವ ಕೋಣೆಯ ಮೇಲೆ ಬರುತ್ತದೆ ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಹೋದ ಮೇಲೆ ಇದನ್ನು ಬರೆಯಲು ಕುಳಿತೆ. ನಾನು ಕಟ್ಟಿದ ದೊಡ್ಡ ತೊಟ್ಟಿಗಳ ಬಡಾಯಿ ಇದರಲ್ಲಿ ಸಿಗುವುದಿಲ್ಲ. ಕೆಡಿಸಿದ್ದನ್ನು ಹೇಳಿದರೆ ಮುಂದಿನವರಿಗೆ ಉಪಯೋಗ ಹೆಚ್ಚು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅಕ್ಷರ ಬಾರದ ಅವಳ ಬಾಯಿಂದಲೇ ನಾನು ಮಾತು ಕಲಿತದ್ದು.

ನಾನು ಕುಂದಾಪುರದ ಕಡೆಯವನು. ಅರವತ್ತರ ದಶಕ ಮುಗಿಯುತ್ತ ಬಂದಾಗ ಮುಂಬಯಿಗೆ ಬಂದು ಬೈಕುಲ್ಲಾದಲ್ಲಿ ಅನಂತರಾಯರ ಹೋಟೆಲಿನಲ್ಲಿ ಸಪ್ಲೈಯರ್ ಆದೆ. ಎರಡು ವರ್ಷ ಅವರ ಅನ್ನ ಉಂಡೆ. ಶಾಲೆಯಲ್ಲಿ ಚಿತ್ರ ಬಿಡಿಸುವ ಹುಚ್ಚಿತ್ತು. ಹೋಟೆಲಿನ ಕರಿಹಲಗೆಯ ಮೇಲೆ ದಿನದ ತಿಂಡಿಯ ಹೆಸರುಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಎದುರು ಗಲ್ಲಿಯ ಬಸಪ್ಪ ಮಾಸ್ತರರು ಚಹಾಕ್ಕೆ ಬಂದವರು ಅದನ್ನು ನೋಡಿ, "ಈ ತಮ್ಮನ ಕೈ ನೆಟ್ಟಗೈತಿ, ನನಗ ಕೊಡ್ರಿ ರಾಯರ" ಎಂದರು. ರಾಯರು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟರು. "ಹೋಗು ಮಾರಾಯ, ಕೈಕಸುಬು ಕಲಿ. ಲೋಟ ತೊಳೆಯುವುದು ಎಲ್ಲಿ ಹೋದರೂ ಉಂಟು" ಎಂದರು.

ಮಾಸ್ತರರು ಬಾಗಲಕೋಟೆ ಕಡೆಯವರು. ಮೊದಲು ಮಿಠಾಯಿ ಅಂಗಡಿಗಳಿಗೆ ಗಾಜಿನ ಕಪಾಟು ಮಾಡುತ್ತಿದ್ದರಂತೆ. ಯಾರೋ ಒಬ್ಬ ಶೇಠ್ ಅದರಲ್ಲೇ ನೀರು ನಿಲ್ಲುವ ಹಾಗೆ ಮಾಡಿಕೊಡು ಎಂದ. ಅಲ್ಲಿಂದ ಮೀನಿನ ತೊಟ್ಟಿಯ ಕಸುಬು ಹತ್ತಿತು. ಕಬ್ಬಿಣದ ಪಟ್ಟಿಗಳನ್ನು ಬೆಸೆದು ಚೌಕಟ್ಟು ಮಾಡಿ, ಅದರ ಒಳಗೆ ಗಾಜು ಕೂರಿಸಿ, ಸಂದಿಗೆ ಪುಟ್ಟಿ ತುಂಬುವುದು ಆಗಿನ ಪದ್ಧತಿ. ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ ಕಲಸಿ ಚಪಾತಿಯ ಹಿಟ್ಟಿನಂತೆ ನಾದಬೇಕು. ನಾದುವುದು ಒಂದಿಷ್ಟು ಕಡಿಮೆಯಾದರೆ ಎಂಟು ದಿನಕ್ಕೆ ಜಿನುಗು ಶುರು. ಈಗಿನ ರಬ್ಬರಿನಂಥ ಅಂಟು ನಮ್ಮ ಕೈಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅದು ಬಂದಾಗ ಮಾಸ್ತರರು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ, "ಇದು ಗಾಜು ಹಿಡೀತೈತಿ. ನೆಲ ಹಿಡ್ಯಾಂಗಿಲ್ಲ" ಎಂದಿದ್ದರು.

ಮೋಟರಿಗೆ ಬೇರೆ ಕೋಣೆ ಬೇಕು ಎಂಬುದನ್ನು ನಮಗೆ ಕಲಿಸಿದ್ದು ಮಲಾಡಿನ ಒಂದು ಮನೆ. ನೀರಿಗೆ ಗಾಳಿ ಊದುವ ಮೋಟರನ್ನು ನಾವು ತೊಟ್ಟಿಯ ಕೆಳಗೇ ಇಡುತ್ತಿದ್ದೆವು. ಆ ಮನೆಯ ಯಜಮಾನಿ, ಊರಿಂದ ನೆಂಟರು ಬರುತ್ತಾರೆಂದು ಮಂಚಕ್ಕೆಲ್ಲ ತಿಗಣೆ ಔಷಧ ಹೊಡೆದರು. ಮೋಟರು ಅದೇ ಗಾಳಿಯನ್ನು ಎಳೆದು ನೀರಿಗೆ ಊದಿತು. ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ನಮ್ಮ ಪುಟ್ಟಿಯಲ್ಲೇ ವಿಷವಿದೆ ಎಂದು ಆಕೆ ಕೂಗಾಡಿದರು. ಮಾಸ್ತರರು ಮೋಟರಿನ ಬಾಯಿಗೆ ಇಟ್ಟಿದ್ದ ಹತ್ತಿಯನ್ನು ತೆಗೆದು ಆಕೆಯ ಮೂಗಿನ ಹತ್ತಿರ ಹಿಡಿದರು. "ನೀರಾಗ ನಾವೇನೂ ಹಾಕಿಲ್ರಿ ಬಾಯಾರ. ಗಾಳ್ಯಾಗ ನೀವು ಹಾಕೀರಿ" ಎಂದರು. ಗೆದ್ದೆವು, ನಿಜ. ಆದರೆ ಸತ್ತ ಮೀನುಗಳನ್ನು ಬಕೇಟಿನಲ್ಲಿ ತುಂಬಿಕೊಂಡು ಲೋಕಲ್‌ನಲ್ಲಿ ವಾಪಸು ಬರುವಾಗ ಅವರು ಬೈಕುಲ್ಲಾದವರೆಗೆ ಬಕೇಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಆ ಮೇಲೆ ನಾನು ತಲೆ ಓಡಿಸಿದೆ. ದೊಡ್ಡ ತೊಟ್ಟಿ ಬೇಕೆನ್ನುವವರಿಗೆ, ಅದರ ಮಗ್ಗುಲಲ್ಲಿ ಸ್ವಂತ ಕಿಟಕಿಯುಳ್ಳ ಒಂದು ಕೋಣೆ ಬಿಡಿಸುವುದು. ಗಾಳಿ ಮೋಟರು, ಮರಳು ಇದ್ದಿಲು ಹಾಕಿದ ಸೋಸುವ ಪೆಟ್ಟಿಗೆ, ನೀರು ತಂಗುವ ಡ್ರಮ್ಮು ಎಲ್ಲ ಅಲ್ಲೇ. ಮುನಿಸಿಪಾಲಿಟಿಯ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಇರುತ್ತದೆ, ನೇರ ಬಿಟ್ಟರೆ ಮೀನು ಉಳಿಯುವುದಿಲ್ಲ. ಎರಡು ದಿನ ಡ್ರಮ್ಮಿನಲ್ಲಿ ತಂಗಬೇಕು. ಆ ಕೋಣೆಗೆ ಮೋಟರ್ ಕೋಣೆ ಎಂಬ ಹೆಸರು ಬಿತ್ತು, ನನಗೆ ಮೋಟರ್ ಕೋಣೆಯ ಶ್ರೀಧರ ಎಂದು. ಹೆಸರು ಕಿವಿಗೆ ಇಂಪಾಗಿತ್ತು. ಇಂಪಾದದ್ದೇ ಕೇಡಾಯಿತು ಎಂದು ಈಗ ಅನ್ನಿಸುತ್ತದೆ.

ಎಪ್ಪತ್ತರ ದಶಕದ ನಡುವೆ ಅನಂತರಾಯರು ನನ್ನನ್ನು ಹೋಟೆಲಿಗೆ ಕರೆಸಿ ಎದುರು ಕೂರಿಸಿಕೊಂಡರು. ಮಾರ್ಕೆಟಿನ ಹಿಂದಿನ ಹಳೆಯ ಬಿಲ್ಡಿಂಗಿನಲ್ಲಿ, ಎರಡನೇ ಮಾಳಿಗೆಯ ಮೇಲೆ ಅವರ ಮನೆ. ಪಕ್ಕದ ಖೋಲಿಗಳನ್ನೂ ತೆಗೆದುಕೊಂಡು ಮನೆ ದೊಡ್ಡದು ಮಾಡಿದ್ದರು. "ನಡುಗೋಡೆಯನ್ನು ಒಡೆಸಿದ್ದೇನೆ ಮಾರಾಯ. ಅಲ್ಲಿ ಈ ಕಡೆಯಿಂದಲೂ ಆ ಕಡೆಯಿಂದಲೂ ಕಾಣುವ ಹಾಗೆ ಎಂಟು ಅಡಿಯ ತೊಟ್ಟಿ ಆಗಬೇಕು. ನೀನೇ ನಿಂತು ಮಾಡು. ನಮ್ಮ ಹುಡುಗ ಮಾಡಿದ ಎಂದು ನಾಲ್ಕು ಜನಕ್ಕೆ ಹೇಳಬೇಕು ನಾನು" ಎಂದರು. ಅಂದೇ ಅಳತೆಪಟ್ಟಿ ಹಿಡಿದು ಅವರ ಮನೆಗೆ ಹೋದೆ.

ಎಂಟಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ನೀರು, ಗಾಜು, ಕಬ್ಬಿಣ, ಮರಳು, ಕಲ್ಲು ಎಲ್ಲ ಸೇರಿ ಇಪ್ಪತ್ತನಾಲ್ಕು ಆಳು ಎಂದು ಮಾಸ್ತರರು ಲೆಕ್ಕ ಹೇಳಿದರು. ಮೋಟರ್ ಕೋಣೆಗೆ, ಒಳಗೆ ಅಡುಗೆಮನೆಯ ಬದಿಯಲ್ಲಿ ಹಿಂದಿನ ಬಾಡಿಗೆಯವರು ಬಚ್ಚಲು ಮಾಡಿಕೊಂಡಿದ್ದ ಸಣ್ಣ ಕೋಣೆಯನ್ನು ನಾನು ಆರಿಸಿದೆ. ಕಿಟಕಿ ಇತ್ತು, ನೀರು ಹೋಗುವ ಮೋರಿ ಇತ್ತು. ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದುಕೊಂಡೆ. ಎರಡು ದೊಡ್ಡ ಡ್ರಮ್ಮು, ಸೋಸುವ ಪೆಟ್ಟಿಗೆ, ಅವುಗಳಡಿಗೆ ಇಟ್ಟಿಗೆ ಕಟ್ಟೆ. ಅದು ಹತ್ತು ಆಳು.

ಹಳೆಯ ಬಿಲ್ಡಿಂಗು ಎಂದರೆ ಗೊತ್ತಲ್ಲ. ಗೋಡೆಯಿಂದ ಗೋಡೆಗೆ ಮರದ ತೊಲೆಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಶಹಾಬಾದ್ ಕಲ್ಲು. ಇಂಥ ನೆಲವನ್ನು ಪರೀಕ್ಷೆ ಮಾಡುವುದಕ್ಕೆ ಮಾಸ್ತರರದೇ ಒಂದು ಕ್ರಮವಿತ್ತು. ತೊಟ್ಟಿ ಬರುವ ಜಾಗದಲ್ಲಿ ಅಷ್ಟೇ ತೂಕದ ಜನರನ್ನು ನಿಲ್ಲಿಸುವುದು. ಜಾಗ ಸಾಲದಿದ್ದರೆ ಒಬ್ಬೊಬ್ಬರ ಹೆಗಲಿಗೂ ಅರ್ಧ ಮೂಟೆ ಅಕ್ಕಿ. ಆಗ ಒಬ್ಬನೇ ಎರಡಾಳು. ಮಾಸ್ತರರು ಕೆಳಗಿನ ಮನೆಗೆ ಹೋಗಿ, ತೊಲೆಯಿಂದ ಗಾರೆಯವರ ತೂಗುಗುಂಡನ್ನು ದಾರದಲ್ಲಿ ಇಳಿಬಿಟ್ಟು, ನೆಲಕ್ಕೂ ಗುಂಡಿಗೂ ನಡುವೆ ಒಂದು ಅಕ್ಕಿಕಾಳಿನ ಸಂದು ಇಟ್ಟು ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ಮೇಲೆ ಜನ ನಿಂತಾಗ ಗುಂಡು ನೆಲ ಮುಟ್ಟಿತೋ, ತೊಟ್ಟಿ ಇಲ್ಲ. ಗಿರಾಕಿ ಎಷ್ಟು ಬೇಡಿದರೂ ಇಲ್ಲ.

ರಾಯರ ಮನೆಯ ಕೆಳಗೆ ಗೋದಾಬಾಯಿಯ ಖಾನಾವಳಿ. ನಿಪ್ಪಾಣಿ ಕಡೆಯ ಹೆಂಗಸು, ಗಂಡ ತೀರಿಕೊಂಡ ಮೇಲೆ ಮಿಲ್ ಕೆಲಸಗಾರರಿಗೆ ಊಟ ಹಾಕುತ್ತ ಆ ಎರಡು ಖೋಲಿಯಲ್ಲೇ ಬದುಕು ಕಟ್ಟಿಕೊಂಡಿದ್ದಳು. ಮುಂದಿನ ಖೋಲಿಯಲ್ಲಿ ಪಂಕ್ತಿ, ಹಿಂದಿನ ಖೋಲಿಯಲ್ಲಿ ಒಲೆ. ಪರೀಕ್ಷೆಯ ದಿನ ಭಾನುವಾರ ಬೆಳಿಗ್ಗೆ, ಹೋಟೆಲಿನವರು, ವರ್ಕ್‌ಶಾಪಿನವರು ಒಟ್ಟು ಹನ್ನೆರಡು ಜನ ಅಕ್ಕಿಮೂಟೆ ಹೊತ್ತು ಮೆಟ್ಟಿಲು ಹತ್ತುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

"ಏನ್ ಮಾಸ್ತರ, ಮ್ಯಾಲ ಲಗ್ನ ಐತೇನು? ನನಗ ಅಡಿಗಿ ಹೇಳಲಿಲ್ಲ."

"ಲಗ್ನ ಅಲ್ಲಕ್ಕ, ಗಂಗವ್ವ ಬರಾಕಿ ಅದಾಳ. ಹಾದಿ ಗಟ್ಟಿ ಐತೇನ ನೋಡಾಕ ಬಂದೀವಿ" ಎಂದು ಮಾಸ್ತರರು ಅವಳ ಮುಂದಿನ ಖೋಲಿಯಲ್ಲಿ ಗುಂಡು ಇಳಿಬಿಟ್ಟು ಕುಳಿತರು. ಮೇಲೆ ಹನ್ನೆರಡೂ ಜನ ಎರಡು ಸಾಲಾಗಿ ನಿಂತರು. ಕಾಲು ಗಂಟೆ. ಗುಂಡು ಅಲುಗಲಿಲ್ಲ. ತೊಟ್ಟಿಯ ಜಾಗ ಗಟ್ಟಿ.

ಇನ್ನು ಮೋಟರ್ ಕೋಣೆ. ಜನರನ್ನು ಒಳಗೆ ಕರೆದೊಯ್ಯಲು ತಿರುಗಿದರೆ, ನಡುಬಾಗಿಲಲ್ಲಿ ರಾಯರ ತಾಯಿ ನಿಂತಿದ್ದರು. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಹೋಟೆಲಿನಲ್ಲಿದ್ದಾಗ ನನಗೆ ಜ್ವರ ಬಂದರೆ ಮನೆಯಿಂದ ಗಂಜಿ ಕಳಿಸುತ್ತಿದ್ದವರು.

"ಶ್ರೀಧರಾ, ಇವರನ್ನೆಲ್ಲ ಒಳಗೆ ಕರ್ಕೊಂಡು ಬರ್ತೀಯಾ?" ಎಂದು ಮೆತ್ತಗೆ ಕೇಳಿದರು.

"ಹತ್ತು ನಿಮಿಷ ದೊಡ್ಡಮ್ಮ. ನೆಲ ನೋಡ್ಲಿಕ್ಕೆ."

"ಒತ್ತಿನಲ್ಲೇ ದೇವರ ಕೋಣೆ ಉಂಟಲ್ಲ ಮಗಾ. ಅದನ್ನು ದಾಟಿಯೇ ಹೋಗಬೇಕು. ಇವರು ಯಾರು ಎಂತ ಎಂದು ನನಗೆ ಗೊತ್ತಿಲ್ಲ. ಬೇಡ. ನೀನು ಬೇಕಾದರೆ ಕಾಲು ತೊಳೆದು ಬಾ."

ನನ್ನ ಬೆನ್ನ ಹಿಂದೆ ಬೆಸುಗೆಯ ರಹೀಮ್ ಇದ್ದ, ಗಾಜು ಕೊಯ್ಯುವ ಮಾರುತಿ ಇದ್ದ. ಅವರು ಹೆಗಲ ಮೂಟೆಗಳನ್ನು ನಿಧಾನವಾಗಿ ಗೋಡೆಗೆ ಒರಗಿಸಿದರು. ದೊಡ್ಡಮ್ಮನಿಗೆ ಎದುರಾಡುವುದು ನನ್ನಿಂದ ಆಗಲಿಲ್ಲ. ನಾನು ಕಾಲು ತೊಳೆದು ಒಬ್ಬನೇ ಒಳಗೆ ಹೋದೆ. ಕಟ್ಟೆ ಬರುವ ಜಾಗದಲ್ಲಿ ನಿಂತೆ. ಎರಡು ಸಲ ಕುಪ್ಪಳಿಸಿದೆ. ನೆಲ ಗಟ್ಟಿಯಾಗಿ ತೋರಿತು. ಹತ್ತು ಆಳು ನಿಲ್ಲಬೇಕಾದ ಕಡೆ ಒಂದೇ ಆಳು ನಿಂತದ್ದು.

ಕೆಳಗಿಂದ ಮೆಟ್ಟಿಲ ಬಳಿ ಮಾಸ್ತರರ ದನಿ ಬಂತು. ಗೋದಾಬಾಯಿಯ ಒಲೆಯ ಮೇಲೆ ಅನ್ನ ಕುದಿಯುತ್ತಿದ್ದುದರಿಂದ, ಆ ಕೋಣೆಯ ಕೆಳಗೇ ಬರುವ ಹಿಂದಿನ ಖೋಲಿಯಲ್ಲಿ ಗುಂಡು ಇಳಿಬಿಡುವುದಕ್ಕೆ ನನ್ನ ಕರೆಗಾಗಿ ಕಾಯುತ್ತಿದ್ದರು.

"ತಮ್ಮಾ, ಸಣ್ಣ ಕ್ವಾಣಿಗೆ ಮಂದಿ ನಿಂತ್ರೇನು? ಗುಂಡು ಬಿಡ್ಲಿ?"

ನಿಮ್ಮನ್ನೂ ನಿಮ್ಮವರನ್ನೂ ಒಳಗೆ ಬಿಡುವುದಿಲ್ಲವಂತೆ ಎಂದು ಆ ಹಿರಿಯರಿಗೆ ಕೂಗಿ ಹೇಳುವುದು ಹೇಗೆ? "ಬೇಡ ಮಾಸ್ತರ್, ನೋಡಿ ಆಯ್ತು" ಎಂದೆ.

"ಎಷ್ಟು ಮಂದಿ ನಿಂತಿದ್ರು?"

"ಬೇಕಾದಷ್ಟು."

ಅವರು ದಾರ ಸುತ್ತಿಕೊಂಡು ಹೊರಟರು. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಇಟ್ಟಿಗೆ, ಡ್ರಮ್ಮುಗಳನ್ನು ಹೋಟೆಲಿನ ಇಬ್ಬರು ಅಡುಗೆ ಭಟ್ಟರು ಸ್ನಾನ ಮಾಡಿ ಬಂದು ಒಳಗಿಟ್ಟರು. ಕಟ್ಟೆಯನ್ನು ನಾನೇ ಕಟ್ಟಿದೆ.

ಆರೇಳು ತಿಂಗಳು ಎಲ್ಲ ಸುಖವಾಗಿತ್ತು. ತೊಟ್ಟಿಯ ಚೆಲುವು ನೋಡಲು ಜನ ಬರುತ್ತಿದ್ದರು. ದೊಡ್ಡಮ್ಮ ಜಪ ಮುಗಿಸಿ ಅದರ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರಂತೆ. ಬೇಸಿಗೆಯಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಾರದಾದಾಗ ರಾಯರು, "ಇನ್ನೊಂದು ಡ್ರಮ್ಮು ಇಡುವನಾ?" ಎಂದರು. ಕಾಫಿ ಕುಡಿಯುತ್ತಲೇ, "ಇಡುವ, ಅದಕ್ಕೇನು" ಎಂದೆ. ಇನ್ನೂ ನಾಲ್ಕು ಆಳು ಸೇರಿತು. ಮಾಸ್ತರರಿಗೆ ಹೇಳಲೂ ಇಲ್ಲ.

ಮಳೆಗಾಲ ಇನ್ನೇನು ಬರಬೇಕು, ಆಗ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಗೋದಾಬಾಯಿ ವರ್ಕ್‌ಶಾಪಿಗೆ ಬಂದಳು. ಎಡಗೈಗೆ ಒದ್ದೆ ಬಟ್ಟೆ ಸುತ್ತಿತ್ತು, ಬಲಗೈಯಲ್ಲಿ ಬೇಳೆ ಮೆತ್ತಿದ ಒಂದು ಗಾರೆಯ ಹೆಂಟೆ. ಅದನ್ನು ಮಾಸ್ತರರ ಮುಂದಿನ ಮೇಜಿನ ಮೇಲಿಟ್ಟಳು.

"ನಿಮ್ಮ ಗಂಗವ್ವ ನನ್ನ ಆಮಟಿ ಗಡಿಗ್ಯಾಗ ಬಿದ್ದಾಳ ನೋಡ್ರಿ. ಕುದಿಯೂ ಬ್ಯಾಳಿ ಸಿಡಿದು ಕೈ ಸುಟ್ಟಿತು. ಅದು ಹ್ವಾದ್ರ ಹೋಗ್ಲಿ. ತೊಲಿ ಸಪ್ಪಳ ಮಾಡಾಕತ್ತೈತಿ. ಹನ್ನೆರಡಕ್ಕ ಮಂದಿ ಊಟಕ್ಕ ಬರ್ತಾರ. ಕುಂದರಸ್ಲೋ ಬ್ಯಾಡೋ, ಅಷ್ಟ ಹೇಳ್ರಿ."

"ಎಲ್ಲಿ ಬಿತ್ತಕ್ಕ? ಮುಂದೋ ಹಿಂದೋ?"

"ಹಿಂದ. ಒಲಿ ಮ್ಯಾಲ."

ಮಾಸ್ತರರು ನನ್ನ ಕಡೆ ನೋಡಿದರು. "ಒಲಿ ಆರಿಸಕ್ಕ. ಯಾರನ್ನೂ ಕುಂದರಸ್ಬ್ಯಾಡ" ಎಂದು ಎದ್ದರು.

ಖಾನಾವಳಿಯ ಹಿಂದಿನ ಖೋಲಿಯಲ್ಲಿ ಏಣಿ ಹಾಕಿ ಹತ್ತಿ ನೋಡಿದರೆ, ಗೋಡೆಯೊಳಗೆ ಹೋಗುವ ಕಡೆಯಲ್ಲಿ ತೊಲೆ ಎರಡು ಬೆರಳಷ್ಟು ಇಳಿದಿತ್ತು. ಮಾಸ್ತರರು ದಬ್ಬಣ ಚುಚ್ಚಿದರು. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಹಿಡಿಯವರೆಗೆ ಹೋಯಿತು. ಮೇಲಿನ ಬಚ್ಚಲಿನ ನೀರು ಎಷ್ಟು ವರ್ಷ ಅದರ ತುದಿಗೆ ಇಳಿದಿತ್ತೋ. ಅಂಥ ತೊಲೆಯ ಮೇಲೆ ನಾನು ಹದಿನಾಲ್ಕು ಆಳಿನ ತೂಕ ನಿಲ್ಲಿಸಿದ್ದೆ. ಅದರ ಕೆಳಗೆ ದಿನಾ ಒಬ್ಬ ಹೆಂಗಸು ಬಗ್ಗಿ ರೊಟ್ಟಿ ಬಡಿಯುತ್ತಿದ್ದಳು.

ಮೊದಲು ಡ್ರಮ್ಮು ಖಾಲಿ ಮಾಡಬೇಕು. ಮೋರಿಗೆ ಬಿಟ್ಟರೆ ಅದೇ ಗೋಡೆಗೆ ಇಳಿಯುತ್ತದೆ. ಡಬ್ಬಿಯಲ್ಲಿ ಮೊಗೆದು ಮೊಗೆದು ಕೈಯಿಂದ ಕೈಗೆ ಕೊಟ್ಟೆವು. ರಹೀಮ್, ಮಾರುತಿ, ಊಟಕ್ಕೆ ಬಂದಿದ್ದ ಮಿಲ್ಲಿನವರು, ಎಲ್ಲರೂ ಆ ಕೋಣೆಯೊಳಗೆ ಹೋದರು, ಬಂದರು. ದೊಡ್ಡಮ್ಮ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಸಂಜೆಯ ಹೊತ್ತಿಗೆ ಕೆಳಗೆ ಎರಡು ದಪ್ಪ ಮರದ ಕಂಬಗಳನ್ನು ಕೊಟ್ಟು ತೊಲೆಯನ್ನು ಎತ್ತಿ ಹಿಡಿದೆವು. ಯಾರ ಜೀವಕ್ಕೂ ಏನೂ ಆಗಲಿಲ್ಲ.

ಆದರೆ ಸುದ್ದಿ ಬಿಲ್ಡಿಂಗಿನ ಮಾಲೀಕನಿಗೆ ಮುಟ್ಟಿತು. ಹಳೆಯ ಬಾಡಿಗೆದಾರರನ್ನು ಬಿಡಿಸುವುದಕ್ಕೆ ಅವನು ವರ್ಷಗಳಿಂದ ದಾರಿ ಹುಡುಕುತ್ತಿದ್ದವನು. ಮಾರನೆಯ ದಿನವೇ ಅವನ ಮನುಷ್ಯ ಬಂದು, ಬಿಲ್ಡಿಂಗಿಗೆ ವಯಸ್ಸಾಗಿದೆ, ಮರ ಲಡ್ಡಾಗಿದೆ, ಇಂಜಿನಿಯರು ನೋಡಿ ಬರೆದುಕೊಟ್ಟ ಕೂಡಲೇ ಕೆಳಗಿನ ಖೋಲಿಗಳನ್ನು ಖಾಲಿ ಮಾಡಬೇಕು ಎಂದು ಗೋದಾಬಾಯಿಗೆ ಹೇಳಿದ. ರಿಪೇರಿ ಆಗುವ ತನಕ ಮಾತ್ರ ಎಂದ. ಮುಂಬಯಿಯಲ್ಲಿ ರಿಪೇರಿಗೆಂದು ಬಿಟ್ಟ ಖೋಲಿ ಮತ್ತೆ ಸಿಗುವುದಿಲ್ಲ ಎಂಬುದು ಕೈಕೂಸಿಗೂ ಗೊತ್ತು. ಅವಳಿಗೆ ಬೇರೆ ಮನೆ ಇರಲಿಲ್ಲ, ಬೇರೆ ಒಲೆಯೂ ಇರಲಿಲ್ಲ. ಮರ ಹಳತಾಗಿ ತೊಲೆ ಇಳಿಯಿತು ಎಂದು ಇಂಜಿನಿಯರು ಬರೆದರೆ ಅವಳು ಬೀದಿಗೆ. ಮೇಲಿಟ್ಟ ನೀರಿನ ಭಾರಕ್ಕೆ ಇಳಿಯಿತು ಎಂದು ಬರೆದರೆ ಭಾರ ಇಳಿಸಿ, ಆ ಒಂದು ತೊಲೆ ಬದಲಾಯಿಸಿದರೆ ಮುಗಿಯಿತು.

ಇಂಜಿನಿಯರು ಬರುವ ಹಿಂದಿನ ಸಂಜೆ ರಾಯರು ನನ್ನನ್ನು ಕರೆಸಿದರು. ಕಾಫಿ ತರಿಸಿದರು.

"ತೊಲೆ ಮೊದಲೇ ಹಾಳಾಗಿತ್ತು. ಹೌದಾ ಅಲ್ಲವಾ?"

"ಹೌದು."

"ಅಷ್ಟೇ ಹೇಳು ನೀನು. ಸುಳ್ಳು ಹೇಳು ಎಂದು ನಾನು ಹೇಳ್ತಾ ಇಲ್ಲ ಮಾರಾಯ. ಇದ್ದದ್ದೇ ಹೇಳು, ಅದಕ್ಕಿಂತ ಹೆಚ್ಚು ಬೇಡ. ನಾನು ನೀರು ತುಂಬಿಸಿ ಬಿಲ್ಡಿಂಗು ಬೀಳಿಸಿದೆ ಎಂದು ಹೆಸರು ಬಂದರೆ ಪೇಟೆಯಲ್ಲಿ ನಾನು ತಲೆ ಎತ್ತುವುದು ಹೇಗೆ? ಆ ಹೆಂಗಸಿಗೆ ನಾನು ಬೇರೆ ಏನಾದರೂ ಮಾಡ್ತೇನೆ."

ಮಾಡುತ್ತಿದ್ದರೋ ಏನೋ. ಕೆಟ್ಟ ಮನುಷ್ಯರಲ್ಲ ಅವರು. ನಾನು ಕಾಫಿ ಕುಡಿಯದೆ ಎದ್ದು ಬಂದೆ. ವರ್ಕ್‌ಶಾಪಿನಲ್ಲಿ ಮಾಸ್ತರರಿಗೆ ಇದನ್ನೆಲ್ಲ ಹೇಳಿದೆ. ಅವರು ಪುಟ್ಟಿ ನಾದುತ್ತಲೇ ಇದ್ದರು. "ನಾಳೆ ನಿನ್ನ ಕೇಳ್ತಾರ. ನೀ ಕಂಡದ್ದು ನೀ ಹೇಳು. ನಾ ಏನೂ ಕಲಿಸಿ ಕಳಸಾಂವಲ್ಲ" ಎಂದರು.

ಮಾರನೆಯ ದಿನ ಬೆಳಿಗ್ಗೆ ರಾಯರ ಮನೆಯ ಹಾಲಿನಲ್ಲಿ ಎಲ್ಲರೂ ಸೇರಿದರು. ಇಂಜಿನಿಯರು ವಯಸ್ಸಾದ ಮರಾಠಿ ಮನುಷ್ಯ. ಕೆಳಗೆ ಮೇಲೆ ಎಲ್ಲ ನೋಡಿ ಬಂದು ಕುರ್ಚಿಯ ಮೇಲೆ ಕುಳಿತು ಕಾಗದ ತೆಗೆದರು. ಮಾಲೀಕನ ಮನುಷ್ಯ ಅವರ ಬೆನ್ನಿಗೆ ನಿಂತಿದ್ದ. ಗೋದಾಬಾಯಿ ಹೊರಬಾಗಿಲಿನ ಹೊಸ್ತಿಲಾಚೆ ನಿಂತಿದ್ದಳು, ಸುಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು.

"ನೀರು ಇಡುವ ಮೊದಲು ನೆಲ ನೋಡಿದ್ದಿರಾ?" ಎಂದು ಇಂಜಿನಿಯರು ಮರಾಠಿಯಲ್ಲಿ ನನ್ನನ್ನು ಕೇಳಿದರು.

ಬಂದಷ್ಟು ಮರಾಠಿಯಲ್ಲಿ ಹೇಳಿದೆ. ಹಾಲಿನಲ್ಲಿ ನೋಡಿದ್ದೆವು. ಆ ಕೋಣೆಯಲ್ಲಿ ನೋಡಲಿಲ್ಲ. ನೋಡಿದ್ದೇನೆ ಎಂದು ನಮ್ಮ ಮಾಸ್ತರರಿಗೆ ನಾನು ಸುಳ್ಳು ಹೇಳಿದೆ. ಆಮೇಲೆ ಯಾರನ್ನೂ ಕೇಳದೆ ಇನ್ನೊಂದು ಡ್ರಮ್ಮು ಇಟ್ಟೆ. ತೊಲೆಯ ತುದಿ ಮೆತ್ತಗಾಗಿತ್ತು ನಿಜ, ಆದರೆ ಇಷ್ಟು ವರ್ಷ ಮನೆಯವರ ಭಾರವನ್ನು ಅದು ಹೊತ್ತಿತ್ತು. ಇಳಿದದ್ದು ನಾನು ಇಟ್ಟ ನೀರಿಗೆ.

ರಾಯರು ನೆಲ ನೋಡುತ್ತ ಕುಳಿತರು. ಮಾಸ್ತರರು ನನ್ನ ಕಡೆ ತಿರುಗಲಿಲ್ಲ.

"ಆ ಕೋಣೆ ಒಂದನ್ನೇ ಯಾಕೆ ನೋಡಲಿಲ್ಲ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಹೇಳುವುದಕ್ಕೆ ಆಗಲಿಲ್ಲ. ಇಂಜಿನಿಯರು ಕಾಗದದಿಂದ ತಲೆ ಎತ್ತಿ ಕಾದರು.

"ನಾನು ಬಿಡಲಿಲ್ಲ."

ನಡುಬಾಗಿಲಲ್ಲಿ ದೊಡ್ಡಮ್ಮ. ಯಾವಾಗ ಬಂದು ನಿಂತಿದ್ದರೋ. "ಅವನು ಜನರನ್ನು ಕರ್ಕೊಂಡು ಬಂದಿದ್ದ. ದೇವರ ಕೋಣೆ ಉಂಟು ಎಂದು ನಾನು ಬೇಡ ಅಂದೆ. ಅವನನ್ನು ಬೈಬೇಡಿ" ಎಂದರು.

"ಅಮ್ಮ, ನೀವು ಒಳಗೆ ಹೋಗಿ" ಎಂದರು ರಾಯರು. ದೊಡ್ಡಮ್ಮ ಹೋಗಲಿಲ್ಲ.

ಅಜ್ಜಿ ಏನನ್ನುತ್ತಾರೆ ಎಂದು ಇಂಜಿನಿಯರು ಸುತ್ತ ನೋಡಿದರು. ರಾಯರು ಕಿಟಕಿಯ ಕಡೆ ತಿರುಗಿದರು, ನಾನು ತೊಟ್ಟಿಯ ಕಡೆ. ಹೊಸ್ತಿಲಾಚೆಯಿಂದ ಗೋದಾಬಾಯಿ ಮರಾಠಿಯಲ್ಲಿ ತಿಳಿಸಿದಳು: ಮಗ್ಗು‌ಲಲ್ಲಿ ಅಜ್ಜಿಯವರ ದೇವರ ಕೋಣೆ ಇದೆ ಸಾಹೇಬರೇ, ಅದಕ್ಕೆ ಆ ದಿನ ಜನ ಒಳಗೆ ಹೋಗಲಿಲ್ಲ. ಅಷ್ಟೇ ಹೇಳಿದಳು. ಬಿಡಲಿಲ್ಲ ಎಂಬ ಮಾತನ್ನು ಅವಳು ತನ್ನಲ್ಲೇ ಇಟ್ಟುಕೊಂಡಳು.

ಇಂಜಿನಿಯರು ಬರೆದರು. ನೀರಿನ ಭಾರದಿಂದ ತೊಲೆ ಇಳಿದಿದೆ, ನೀರನ್ನೆಲ್ಲ ತೆಗೆಯಬೇಕು, ಆ ತೊಲೆ ಬದಲಾಗಬೇಕು, ಕಂಬ ಕೊಟ್ಟಿರುವ ತನಕ ಕೆಳಗಿನವರು ಖಾಲಿ ಮಾಡುವ ಅಗತ್ಯವಿಲ್ಲ. ಮಾಲೀಕನ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ಸರಸರ ಇಳಿದು ಹೋದ.

ಎಲ್ಲ ಹೋದ ಮೇಲೆ ರಾಯರು ನನ್ನ ಹತ್ತಿರ ಬಂದರು. "ನೀನು ಹೇಳಿದ್ದು ಸರಿ ಇರಬಹುದು. ಆದರೆ ನನ್ನ ತಾಯಿ ಪರರ ಮುಂದೆ ಬಂದು ತಪ್ಪು ಒಪ್ಪಿಕೊಂಡು ನಿಲ್ಲುವ ಹಾಗೆ ಮಾಡಿದೆಯಲ್ಲ ಶ್ರೀಧರ" ಎಂದರು. ತೊಲೆಯನ್ನು ಅವರೇ ಬದಲಾಯಿಸಿದರು. ತೊಟ್ಟಿ ಬಿಚ್ಚಿ ತಂದೆವು. ಮೀನುಗಳು ನಮ್ಮ ವರ್ಕ್‌ಶಾಪಿನಲ್ಲಿ ಉಳಿದವು. ಆ ಮೇಲೆ ನನ್ನ ಎದುರು ಸಿಕ್ಕರೆ ರಾಯರು ತಲೆಯಾಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ನಮ್ಮ ಕಡೆಯ ಹೋಟೆಲಿನವರು ಯಾರೂ ಬಹಳ ಕಾಲ ನಮ್ಮಲ್ಲಿ ತೊಟ್ಟಿ ಮಾಡಿಸಲಿಲ್ಲ. ದೊಡ್ಡಮ್ಮ ತೀರಿಕೊಂಡದ್ದನ್ನು ನಾನು ಬೇರೆಯವರಿಂದ ಕೇಳಿ ತಿಳಿದೆ.

ಮಾಸ್ತರರು ಎರಡು ದಿನ ನನ್ನೊಡನೆ ಆಡಬೇಕಾದಷ್ಟೇ ಆಡಿದರು: ಅದು ಕೊಡು, ಇದು ಹಿಡಿ. ಮೂರನೆಯ ದಿನ ಚೌಕಟ್ಟಿಗೆ ಬಣ್ಣ ಬಳಿಯುತ್ತ ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತ ನಿಜಾ ಯಾಕ ಹೇಳಲಿಲ್ಲ?"

"ನಿಮಗೆ ಬೇಸರ ಆಗ್ತದೆ ಅಂತ."

ಅವರು ಬ್ರಶ್ಶು ಕೆಳಗಿಟ್ಟರು. "ಒಳಗ ಬಿಡದಿದ್ರ ಬ್ಯಾಡಾಗಿತ್ತು. ಗೋದಕ್ಕನ ಖೋಲ್ಯಾಗ ಏಣಿ ಹಚ್ಚಿ ಕೆಳಗಿಂದ ದಬ್ಬಣ ಚುಚ್ಚಿ ನೋಡ್ತಿದ್ದೆ. ಒಂದ ಚಣದ ಕೆಲಸ. ನನಗ ಅವಮಾನ ಆಕ್ಕೈತಂತ ನೀ ಹೆದರಿದಿ. ತಮ್ಮಾ, ಅದು ನನ್ನ ಮಾನ. ಅದನ್ನ ಕಾಯು ಅಂತ ನಿನಗ ಯಾರು ಹೇಳಿದ್ರು?"

ಮೂವತ್ತು ವರ್ಷ ಈ ಕೆಲಸ ಮಾಡಿದೆ. ಇದಕ್ಕಿಂತ ಭಾರವಾದ ಮಾತನ್ನು ಯಾರ ಬಾಯಿಂದಲೂ ಕೇಳಲಿಲ್ಲ. ಗಾಜು ಒಡೆಯುತ್ತದೆ, ಪುಟ್ಟಿ ಬಿಡುತ್ತದೆ, ಮೋಟರು ಸುಡುತ್ತದೆ, ಅವಕ್ಕೆಲ್ಲ ಉಪಾಯವಿದೆ. ದಾಕ್ಷಿಣ್ಯಕ್ಕೆ ನುಂಗಿದ ಮಾತಿಗೆ ಉಪಾಯ ನನಗೆ ಸಿಕ್ಕಿಲ್ಲ. ಈ ಕೆಲಸಕ್ಕೆ ಬರುವವರು ಮೊದಲು ಕೆಳಗಿನ ಮನೆಯ ಬಾಗಿಲು ತಟ್ಟಿ. ಅಲ್ಲಿ ಯಾರು ಮಲಗುತ್ತಾರೆ, ಎಲ್ಲಿ ಒಲೆ ಹೂಡುತ್ತಾರೆ ಎಂದು ಕಣ್ಣಿಂದ ನೋಡಿ. ಮೋಟರ್ ಕೋಣೆಯ ನಕ್ಷೆಯನ್ನು ಆಮೇಲೆ ಬಿಡಿಸಿ.

ಹೊಸ ತೊಲೆ ಬಂದ ಮೇಲೂ ಗೋದಾಬಾಯಿ ಒಂದು ಕಂಬವನ್ನು ತೆಗೆಯಗೊಡಲಿಲ್ಲ. ಅದಕ್ಕೆ ಮೊಳೆ ಹೊಡೆದು ಸೌಟು, ಜರಡಿ ನೇತುಹಾಕಿದಳು. ನಾನು ಮದುವೆಯಾಗುವ ತನಕ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದೆ. ಅವಳು ಕರೆದಳು, ಹೋದೆ. ಮೊದಲ ದಿನ ಪಂಕ್ತಿಯಲ್ಲಿ ಜಾಗವಿಲ್ಲದೆ ಹಿಂದಿನ ಖೋಲಿಯಲ್ಲಿ, ಒಲೆಯ ಪಕ್ಕ ಕೂರಿಸಿದಳು. ರೊಟ್ಟಿ ಮುರಿದೆ, ಕೈ ಬಾಯಿಗೆ ಹೋಗಲಿಲ್ಲ. ಕಣ್ಣು ಮತ್ತೆ ಮತ್ತೆ ತೊಲೆಗೇ ಹೋಗುತ್ತಿತ್ತು. ಅವಳು ಬಡಿಯುತ್ತಿದ್ದ ರೊಟ್ಟಿಯಿಂದ ಕಣ್ಣು ಎತ್ತದೆ ಹೇಳಿದಳು:

"ತಾಟ ನೋಡಿಕೊಂಡು ಉಣ್ಣು, ದಾದಾ. ಮ್ಯಾಲ ನೋಡೂದು ಇನ್ನ ನನ್ನ ಕೆಲಸ."